ಹೊಟ್ಟೆ ಸೀಳದ ಬಂಗಾರ

ಮುಂಬಯಿಯ ಕನ್ನಡಿಗರಿಗೆ ಎರಡು ಬಂಗಾರಗಳಿವೆ. ಒಂದು ಕೊರಳಿಗೆ ಹಾಕಿಕೊಳ್ಳುವುದು. ಇನ್ನೊಂದು ‘ಭಂಗಾರ್’, ಹಿಂದಿ ಮರಾಠಿಯದು. ಗುಜರಿ ಸಾಮಾನು, ತೂಕಕ್ಕೆ ಹಾಕಿ ಮನೆಯಿಂದ ಹೊರಗೆ ಕಳಿಸುವುದು. ಕಾಂದಿವಲಿಯಿಂದ ಭಾನುವಾರ ನನ್ನನ್ನು ನೋಡಲು ಬಂದ ಮಗ ನನ್ನ ಕಂಪ್ಯೂಟರಿನ ಮುಂದೆ ಹತ್ತು ನಿಮಿಷ ಕೂತು ಎದ್ದು ಬಳಸಿದ್ದು ಈ ಎರಡನೆಯ ಶಬ್ದವನ್ನು.

“ಅಮ್ಮಾ, ಇದು ಭಂಗಾರ್ ಆಗಿದೆ. ಇನ್ನು ಇದರ ಹಿಂದೆ ಟೈಮ್ ವೇಸ್ಟ್ ಮಾಡ್ಬೇಡ.”

ಕಂಪ್ಯೂಟರ್ ಸಯನ್‌ನ ನನ್ನ ಮನೆಯಲ್ಲಿ, ಕಿಟಕಿಯ ಪಕ್ಕದ ಮೇಜಿನ ಮೇಲೆ, ಹನ್ನೆರಡು ವರ್ಷದಿಂದ ಇದೆ. ಕೆಲವು ತಿಂಗಳಿಂದ ಅದು ಬೆಳಿಗ್ಗೆ ಬೆಳಿಗ್ಗೆ ಒಂದು ನೋಟಿಸ್ ತೋರಿಸುತ್ತಿತ್ತು. ಈ ಸಿಸ್ಟಮ್ಮಿಗೆ ಇನ್ನು ಮುಂದೆ ಅಪ್‌ಡೇಟ್ ಬರುವುದಿಲ್ಲ, ಹೊಸ ಸಿಸ್ಟಮ್ ಹಾಕಿಕೊಳ್ಳಲು ಈ ಮಶೀನಿಗೆ ಅರ್ಹತೆ ಇಲ್ಲ, ಧನ್ಯವಾದ. ಇಂಗ್ಲಿಷಿನಲ್ಲಿ ಬಹಳ ಪೊಲೈಟ್ ಆಗಿಯೇ ಬರೆದಿದ್ದರು. ನಾನು ಕಾನ್ವೆಂಟಿನಲ್ಲಿ ಓದಿದವಳು. ಪೊಲೈಟ್ ಆಗಿ ಬಾಗಿಲು ತೋರಿಸುವುದು ಹೇಗೆಂದು ನನಗೆ ಚಿಕ್ಕಂದಿನಿಂದ ಗೊತ್ತು.

ಮಗ ಹೊಸ ಟ್ಯಾಬ್ಲೆಟ್ ತಂದಿದ್ದ. ಅದಕ್ಕೆ ಕೀಬೋರ್ಡೇ ಬೇಡ, ಮಾತಾಡಿದರೆ ಸಾಕು, ಅದೇ ಬರೆದುಕೊಳ್ಳುತ್ತದೆ ಎಂದು ಜೊತೆಗೆ ಬಂದಿದ್ದ ಸೊಸೆ ತೋರಿಸಿಕೊಟ್ಟಳು. ನಾನು ಅದರ ಮುಂದೆ ನನ್ನ ಅಮ್ಮನ ಕುಂದಾಪುರದ ಕನ್ನಡದಲ್ಲಿ ಒಂದು ವಾಕ್ಯ ಹೇಳಿದೆ. ಅದು ಯಾವುದೋ ಊಟದ ಪಟ್ಟಿಯ ಹಾಗಿದ್ದದ್ದನ್ನು ಬರೆದು ತೋರಿಸಿತು. ಸೊಸೆ ನಕ್ಕು, ಸ್ವಲ್ಪ ಸ್ಟ್ಯಾಂಡರ್ಡ್ ಕನ್ನಡದಲ್ಲಿ ಹೇಳಿ ಅತ್ತೆ ಎಂದಳು. ಎಪ್ಪತ್ತೇಳನೆಯ ವಯಸ್ಸಿನಲ್ಲಿ ಒಂದು ಗಾಜಿನ ಹಲಗೆಗೋಸ್ಕರ ನನ್ನ ಅಮ್ಮನ ಭಾಷೆಯನ್ನು ತಿದ್ದಿಕೊಳ್ಳಬೇಕೆ? ಟ್ಯಾಬ್ಲೆಟ್ಟನ್ನು ಅದರ ಪೆಟ್ಟಿಗೆಯಲ್ಲೇ ಮಲಗಿಸಿಟ್ಟೆ.

ನಾನು ಹಠ ಹಿಡಿದದ್ದು ಮಶೀನಿಗಾಗಿ ಅಲ್ಲ. ಅದರೊಳಗೆ ಅಮ್ಮ ಇದ್ದಳು.

ಅಮ್ಮನಿಗೆ ಎಂಬತ್ತೈದು ತುಂಬಿದ ವರ್ಷ ಆ ಕಂಪ್ಯೂಟರ್ ಕೊಂಡದ್ದು. ಫೋರ್ಟಿನ ಒಂದು ಶಿಪ್ಪಿಂಗ್ ಆಫೀಸಿನಲ್ಲಿ ಮೂವತ್ತೈದು ವರ್ಷ ಸ್ಟೆನೋ ಆಗಿದ್ದವಳು ನಾನು. ಇನ್ನೊಬ್ಬರು ಹೇಳಿದ್ದನ್ನು ಬರೆದುಕೊಳ್ಳುವುದೇ ನನ್ನ ಬದುಕಾಗಿತ್ತು. ಸಾಹೇಬರುಗಳ ಪತ್ರಗಳನ್ನೆಲ್ಲ ಬರೆದುಕೊಂಡಾಯಿತು, ಇನ್ನು ಅಮ್ಮನದನ್ನು ಬರೆದುಕೊಳ್ಳೋಣ ಎಂದುಕೊಂಡೆ. ನನ್ನ ಕೈಬರಹದ ಕನ್ನಡ ಮೂರನೆಯ ಕ್ಲಾಸಿನ ಮಕ್ಕಳದರ ಹಾಗಿದೆ, ಆದರೆ ಟೈಪಿಂಗ್ ಎಂದರೆ ಬೆರಳು ತಾನಾಗಿ ಓಡುತ್ತದೆ. ನಮ್ಮ ಕನ್ನಡ ಸಂಘದ ಹಿರಿಯರೊಬ್ಬರು ಒಂದು ಸಿ.ಡಿ.ಯಿಂದ ಕನ್ನಡ ಅಕ್ಷರಗಳನ್ನು ಹಾಕಿಕೊಟ್ಟರು. ಮಧ್ಯಾಹ್ನ ಊಟವಾದ ಮೇಲೆ ಅಮ್ಮ ಮಂಚದ ಮೇಲೆ ಕಾಲು ಚಾಚಿ ಕೂತು ಅಡಿಕೆ ಕತ್ತರಿಸುತ್ತಾ ಹೇಳುವುದು, ನಾನು ಟೈಪ್ ಮಾಡುವುದು. ಹೀಗೆ ಮೂರು ವರ್ಷ. ಇನ್ನೂರು ಪುಟದ ಮೇಲಾಯಿತು. ಅದಾಗಿ ನಾಲ್ಕು ವರ್ಷಕ್ಕೆ ಅಮ್ಮ ಹೋದಳು. ಕಾಗದದ ಮೇಲೆ ಒಂದು ಪುಟವೂ ಇಳಿದಿರಲಿಲ್ಲ.

ಆ ಪುಟಗಳಲ್ಲಿ ನನಗೆ ಎಲ್ಲಕ್ಕಿಂತ ಬೇಕಾದದ್ದು ಬಂಗಾರದ ಕತೆ. ಅಮ್ಮ ಮದುವೆಯಾಗಿ ಮಾಟುಂಗದ ಚಾಳಿಗೆ, ಒಂದೊಂದು ಕೋಣೆಯ ಬಿಡಾರಗಳ ಕಟ್ಟಡಕ್ಕೆ, ಬಂದ ಎರಡನೆಯ ವಾರ. ಅಪ್ಪ ಹೋಟೆಲಿನ ಕೆಲಸಕ್ಕೆ ಹೋಗಿದ್ದ. ಕೆಳಗೆ ಯಾರೋ “ಭಂಗಾ...ರ್” ಎಂದು ಕೂಗುತ್ತಾ ಹೋಗುತ್ತಿದ್ದ. ಇಣುಕಿದರೆ ಹೆಗಲ ಮೇಲೆ ಗೋಣಿಚೀಲ, ಕೈಯಲ್ಲಿ ತಕ್ಕಡಿ. “ಎಂಥಾ ಊರ್ ಮರಾಯ್ತಿ ಇದ್, ಬಂಗಾರ ಗೋಣಿಚೀಲ್ದಗೆ ಹೊತ್ಕಂಡ್ ತಿರ್ಗತ್ರ್” ಎಂದು ಆ ದಿನ ತನಗೆ ತಾನೇ ಹೇಳಿಕೊಂಡಳಂತೆ. ಅವಳ ಒಂದು ಕಿವಿಯ ಬೆಂಡೋಲೆಯ ತಿರುಪು ಮುರಿದಿತ್ತು. ಅಕ್ಕಸಾಲಿ ಮನೆ ಬಾಗಿಲಿಗೇ ಬಂದಿದ್ದಾನಲ್ಲ ಎಂದು ಅದನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಮೂರು ಮಹಡಿ ಇಳಿದು ಹೋಗಿ ಅವನ ತಕ್ಕಡಿಯಲ್ಲಿ ಇಟ್ಟಳು. ಇನ್ನೊಂದು ತಟ್ಟೆಯಲ್ಲಿ ಕಲ್ಲುಗಳು. ಆ ಮನುಷ್ಯ ಬೆಂಡೋಲೆಯನ್ನೂ ಅವಳನ್ನೂ ನೋಡಿ, ಅದನ್ನು ತೆಗೆದು ಅವಳ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮಡಚಿ ಮುಷ್ಟಿ ಮಾಡಿಸಿ, ಮೇಲೆ ಹೋಗು ಎಂದು ಕೈ ತೋರಿಸಿದ. ನಗಲಿಲ್ಲ. ಭಾಷೆ ಬಾರದ ಊರಿನಲ್ಲಿ ತನಗೆ ಸಿಕ್ಕಿದ ಮೊದಲ ಮರ್ಯಾದಸ್ಥ ಅವನೇ ಎಂದು ಅಮ್ಮ ಕೊನೆಯವರೆಗೂ ಹೇಳುತ್ತಿದ್ದಳು.

ಆದ್ದರಿಂದ ಮಗ ಭಂಗಾರ್ ಎಂದಾಗ ನಾನು, ಆಗಲಿ, ಹೊರಗೆ ಹಾಕುವ ಮೊದಲು ತಕ್ಕಡಿಯಲ್ಲಿ ಇಟ್ಟು ನೋಡೋಣ ಎಂದೆ. ಅವನಿಗೆ ಅರ್ಥವಾಗಲಿಲ್ಲ.

ನಮ್ಮ ಕೆಳಗಿನ ಮಹಡಿಯಲ್ಲಿ ನಾನು ಟೀಚರ್ ಎಂದು ಕರೆಯುವ ಒಬ್ಬರು ಮರಾಠಿ ಹೆಂಗಸು ಇದ್ದಾರೆ. ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಕಲಿಸಿ ರಿಟೈರ್ ಆದವರು, ನನಗಿಂತ ಹತ್ತು ವರ್ಷ ಚಿಕ್ಕವರು. ಅವರು ಬಂದು ಮಶೀನಿನ ಡಬ್ಬಿ ಬಿಚ್ಚಿ, ಧೂಳು ಊದಿ, “ಕಾಕೂ, ಮಶೀನ್ ಏಕ್‌ದಮ್ ಠೀಕ್ ಆಹೇ” ಎಂದರು. ಮಶೀನಿಗೆ ವಯಸ್ಸಾಗಿಲ್ಲ, ಅದರ ಮೇಲೆ ಹೇರಿದ ಹೊರೆ ಹೆಚ್ಚಾಗಿದೆ, ಲಿನಕ್ಸ್ ಹಾಕಿದರೆ ಇನ್ನೂ ಐದಾರು ವರ್ಷ ಓಡುತ್ತದೆ ಎಂಬುದು ಅವರ ಮಾತಿನ ಸಾರ. ಲಿನಕ್ಸ್ ಎಂದರೆ ಏನು ಎಂದು ಕೇಳಿದೆ. ಯಾವ ಒಂದು ಕಂಪನಿಯ ಸೊತ್ತೂ ಅಲ್ಲದ ಸಿಸ್ಟಮ್, ಜಗತ್ತಿನ ಬೇರೆ ಬೇರೆ ಕಡೆ ಜನ ಕೂತು ಮಾಡಿದ್ದು, ಬೇಕಾದವರು ಹಾಕಿಕೊಳ್ಳಬಹುದು ಎಂದರು. ಅರ್ಹತೆ ಇಲ್ಲ ಎಂದು ನೋಟಿಸ್ ಕಳಿಸುವುದಿಲ್ಲವಷ್ಟೇ ಎಂದು ಕೇಳಿದೆ. ನಕ್ಕರು. ಅಷ್ಟಕ್ಕೇ ಒಪ್ಪಿದೆ.

ಅಮ್ಮನ ಫೈಲುಗಳನ್ನು ಎರಡು ಪೆನ್‌ಡ್ರೈವಿಗೆ ಇಳಿಸಿ, ಎಷ್ಟಿವೆ ಎಂದು ಇಬ್ಬರೂ ಎಣಿಸಿ, ಹಳೆಯ ಸಿಸ್ಟಮ್ಮನ್ನು ಪೂರ್ತಿ ಅಳಿಸಿ ಹೊಸದನ್ನು ಹಾಕಿದೆವು. ಒಂದನ್ನು ಮರೆತೆವು. ಏನೆಂದು ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ಮೊದಲ ವಾರ ನಾನು ಆರು ವರ್ಷದ ಹುಡುಗಿಯಾಗಿದ್ದೆ. ಕಾನ್ವೆಂಟಿಗೆ ಸೇರಿದ ದಿನ ಒಂದಕ್ಷರ ಇಂಗ್ಲಿಷ್ ಬಾರದೆ, ಯಾವ ಬಾಗಿಲಿನಿಂದ ಒಳಗೆ ಹೋಗಬೇಕು, ಯಾವ ಕಡೆ ಸಾಲು, ಯಾವಾಗ ಏಳಬೇಕು ಎಂಬುದೆಲ್ಲ ತಿಳಿಯದೆ ಪಕ್ಕದವಳನ್ನು ನೋಡಿ ನೋಡಿ ಮಾಡಿದ್ದೆನಲ್ಲ, ಹಾಗೆ. ಕೆಳಗಿದ್ದ ಪಟ್ಟಿ ಎಡಗಡೆಗೆ ಹೋಗಿ ನಿಂತಿತ್ತು. ‘ಸ್ಟಾರ್ಟ್’ ಎಂಬ ಗುಂಡಿಯೇ ಇಲ್ಲ. ನನ್ನ ಕೈ ಹಳೆಯ ಅಭ್ಯಾಸದಿಂದ ಎಡಗಡೆಯ ಕೆಳಮೂಲೆಗೆ ಹೋಗಿ, ಏನೂ ಸಿಗದೆ, ಕತ್ತಲಲ್ಲಿ ಸ್ವಿಚ್ ಹುಡುಕುವ ಹಾಗೆ ಗೋಡೆ ಸವರುತ್ತಿತ್ತು. ಟೀಚರ್ ಹೇಳಿಕೊಟ್ಟ ಒಂದು ಕಪ್ಪು ಪರದೆಯಲ್ಲಿ ಪಾಸ್‌ವರ್ಡ್ ಕೇಳುತ್ತದೆ. ಒತ್ತಿದರೆ ಒಂದು ಚುಕ್ಕಿಯೂ ಮೂಡುವುದಿಲ್ಲ. ಕೀಬೋರ್ಡ್ ಸತ್ತಿತು ಎಂದು ನಾನು ಮೂರು ಸಲ ಪ್ಲಗ್ ಕಿತ್ತು ಹಾಕಿದೆ. ಆಮೇಲೆ ತಿಳಿಯಿತು, ತೋರಿಸುವುದಿಲ್ಲ, ಆದರೆ ಕೇಳಿಸಿಕೊಳ್ಳುತ್ತಿರುತ್ತದೆ. ಶಾಲೆಯ ಚಾಪೆಲಿನಲ್ಲಿ ಕ್ಯಾಥೊಲಿಕ್ ಹುಡುಗಿಯರು ಮರದ ಜಾಲರಿಗೆ ಬಾಯಿ ಇಟ್ಟು ಕನ್ಫೆಷನ್ ಹೇಳುವುದನ್ನು ನಾನು ಹೊರಗೆ ನಿಂತು ನೋಡುತ್ತಿದ್ದೆ. ಆಚೆ ಯಾರೂ ಕಾಣದಿದ್ದರೂ ಅವರು ಹೇಳಿ ಮುಗಿಸಿ ಹಗುರಾಗಿ ಬರುತ್ತಿದ್ದರು. ನಾನೂ ಹಾಗೇ ಹೇಳಿ ಮುಗಿಸಲು ಕಲಿತೆ.

ಇನ್ನೊಂದು ದಿನ ಬರೆಯುತ್ತಿದ್ದ ಕಾಗದವೇ ಮಾಯವಾಯಿತು. ಯಾವುದೋ ಎರಡು ಕೀಲಿ ಒಟ್ಟಿಗೆ ಒತ್ತಿದ್ದೆ. ಟೀಚರ್ ಬಂದು ನೋಡಿ, ಎಲ್ಲೂ ಹೋಗಿಲ್ಲ ಕಾಕೂ, ನೀವು ಪಕ್ಕದ ಕೋಣೆಗೆ ಬಂದಿದ್ದೀರಿ ಎಂದರು. ಈ ಸಿಸ್ಟಮ್ಮಿನಲ್ಲಿ ಒಂದರ ಪಕ್ಕ ಒಂದು ನಾಲ್ಕು ಡೆಸ್ಕ್‌ಟಾಪ್ ಇವೆಯಂತೆ. ಒಂದರಲ್ಲಿ ಪತ್ರ, ಒಂದರಲ್ಲಿ ಇಂಟರ್ನೆಟ್, ಹೀಗೆ ಬೇರೆ ಬೇರೆ ಇಟ್ಟುಕೊಳ್ಳಬಹುದು. ಜನ್ಮವೆಲ್ಲ ಒನ್ ರೂಮ್ ಕಿಚನ್ನಿನಲ್ಲಿ ಕಳೆದವಳಿಗೆ ಈ ವಯಸ್ಸಿನಲ್ಲಿ ನಾಲ್ಕು ಕೋಣೆ. ಎರಡು ದಿನ ಸುಮ್ಮನೆ ಆ ಕೋಣೆಯಿಂದ ಈ ಕೋಣೆಗೆ ಓಡಾಡಿದೆ.

ಕನ್ನಡ ಕೀಲಿಗಳೂ ಸಿಕ್ಕಿದವು. ನನ್ನ ಬೆರಳಿಗೆ ಗೊತ್ತಿದ್ದ ಜಾಗದಲ್ಲೇ ಕ, ಅಲ್ಲೇ ಗ. ಧೈರ್ಯ ಬಂದು ಅಮ್ಮನ ಮೊದಲ ಫೈಲ್ ತೆರೆದೆ.

ಪರದೆಯ ತುಂಬ ಹುಚ್ಚು ಗುರುತುಗಳು. ತಲೆಯ ಮೇಲೆ ಕಡ್ಡಿ ಇಟ್ಟುಕೊಂಡ ಎ, ಎರಡು ಚುಕ್ಕಿಯ ಎ, ಪೌಂಡ್, ಯೆನ್, ಕಾಲು ಭಾಗ, ಅರ್ಧ ಭಾಗ. ಕನ್ನಡದ ಒಂದು ಅಕ್ಷರ ಇಲ್ಲ. ಎರಡನೆಯ ಫೈಲೂ ಹಾಗೇ, ಮೂರನೆಯದೂ ಹಾಗೇ. ಪೆನ್‌ಡ್ರೈವಿನಲ್ಲಿದ್ದದ್ದೂ ಅದೇ.

ಟೀಚರ್ ಓಡಿ ಬಂದರು. ಅವರಿಗೆ ಕಾರಣ ಬೇಗ ಗೊತ್ತಾಯಿತು. ಆ ಕಾಲದ ನನ್ನ ಕನ್ನಡ ನಿಜವಾದ ಕನ್ನಡವೇ ಅಲ್ಲ. ಒಳಗೆ ಇಂಗ್ಲಿಷ್ ಕೀಬೋರ್ಡಿನ ಗುರುತುಗಳು, ಮೇಲೆ ಕನ್ನಡದ ಸೀರೆ ಉಡಿಸಿದ್ದು. ಆ ಸೀರೆ, ಅಂದರೆ ಫಾಂಟ್, ಹಳೆಯ ಸಿಸ್ಟಮ್ಮಿನೊಂದಿಗೆ ಅಳಿಸಿಹೋಗಿತ್ತು. ಸಿ.ಡಿ. ಕೊಟ್ಟ ಹಿರಿಯರು ಈಗಿಲ್ಲ. ಅದೇ ಜಾತಿಯ ಒಂದೆರಡು ಫಾಂಟುಗಳನ್ನು ಟೀಚರ್ ಹುಡುಕಿ ತಂದು ಹಾಕಿದರೆ ಅರ್ಧ ಕನ್ನಡ, ಅರ್ಧ ಖಾಲಿ ಚೌಕ. ಅವರ ಕಣ್ಣಲ್ಲಿ ನೀರು ಬಂತು. ಕನ್ನಡ ಓದಲು ಬಾರದ ತಾವು ಈ ಕೆಲಸಕ್ಕೆ ಕೈ ಹಾಕಬಾರದಿತ್ತು ಎಂದು ಎದ್ದು ಹೋದವರು ಮತ್ತೆ ಮೇಲೆ ಬರಲಿಲ್ಲ.

ಮಗನಿಗೆ ಫೋನ್ ಮಾಡಿ ಹೇಳಿದೆ. ಅವನು ಅಂಧೇರಿಯ ಆಫೀಸಿನಲ್ಲಿದ್ದ. ಸಿಟ್ಟು ಮಾಡಲಿಲ್ಲ, ಅದೇ ಕಷ್ಟವಾಯಿತು.

“ಹೇಳಿದ್ದೆ ನಾನು. ಹೋಗ್ಲಿ ಬಿಡಮ್ಮಾ. ಎಲ್ಲಾ ನಿಂಗೆ ನೆನಪಿದೆಯಲ್ಲ?”

ನೆನಪಿದೆ. ಕತೆಗಳು ನೆನಪಿವೆ. ಆದರೆ ಅವಳು ಹೇಳಿದ ರೀತಿ? ಯಾವ ಶಬ್ದದ ಮೇಲೆ ನಿಂತಳು, ಎಲ್ಲಿ ‘ಹ್ವಾಯ್’ ಅಂದಳು, ಯಾರನ್ನು ಬೈದು ಆಮೇಲೆ ಪಾಪ ಅಂದಳು? ಅದು ನನ್ನ ನೆನಪಿನಲ್ಲಿ ಇಲ್ಲ, ನನ್ನ ಬೆರಳಿನಿಂದ ಈ ಮಶೀನಿಗೆ ಹೋಗಿತ್ತು. ಸ್ಟೆನೋಗಳ ಶಾಪ ಅದು. ಬರೆದುಕೊಂಡ ಕೂಡಲೇ ಮರೆಯುತ್ತೇವೆ.

ಬಿಡುವುದಿಲ್ಲ ಎಂದುಕೊಂಡೆ. ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಕಾಫಿ ಕುಡಿದು, ಆಫೀಸಿಗೆ ಹೋಗುವವಳ ಹಾಗೆ ಮಶೀನಿನ ಮುಂದೆ ಕೂತೆ. ಒಳಗೆ ಇರುವುದು ಇಂಗ್ಲಿಷ್ ಗುರುತುಗಳಾದರೆ, ಇಂಗ್ಲಿಷ್ ಗುರುತುಗಳಿಗೆ ಹೆದರುವವಳು ನಾನಲ್ಲ. ತಲೆಯ ಮೇಲೆ ಕಡ್ಡಿಯಿರುವ ಎ ನನಗೆ ಹೊಸದಲ್ಲ. ಎಂಟನೆಯ ಕ್ಲಾಸಿನಲ್ಲಿ ಫ್ರೆಂಚ್ ಕಲಿಸಿದ ಸಿಸ್ಟರ್ ಅದನ್ನು ‘ಅಕ್ಸಾಂ ಗ್ರಾವ್’ ಎಂದು ನಮ್ಮ ಬಾಯಲ್ಲಿ ಹೇಳಿಸಿ ಹೇಳಿಸಿ ಸುಸ್ತಾಗಿದ್ದರು. ಪೌಂಡ್ ಗುರುತು ಶಿಪ್ಪಿಂಗ್ ಆಫೀಸಿನಲ್ಲಿ ದಿನಕ್ಕೆ ನೂರು ಸಲ ಒತ್ತಿದ್ದು. ಎಲ್ಲ ಹಳೆಯ ಪರಿಚಯದವರೇ, ಕೂತ ಜಾಗ ಬೇರೆಯಾಗಿತ್ತು, ಅಷ್ಟೆ.

ನೋಡುತ್ತಾ ನೋಡುತ್ತಾ ಕಂಡಿತು. ಎಷ್ಟೋ ಪ್ಯಾರಾಗಳು ಒಂದೇ ಗುರುತಿನಿಂದ ಶುರುವಾಗುತ್ತಿದ್ದವು: CªÀÄä. ನಾನು ಹೊಸ ಮಾತು ಶುರುವಾದಾಗಲೆಲ್ಲ ಏನು ಬರೆಯುತ್ತಿದ್ದೆ? ‘ಅಮ್ಮ ಹೇಳಿದ್ದು’ ಎಂದು ಬರೆಯುತ್ತಿದ್ದೆ.

ಅದು ಅಮ್ಮ. ದೊಡ್ಡ ಸಿ ಎಂದರೆ ಅ. ಉಳಿದದ್ದು ಮ್ಮ.

ಎದ್ದು ಅಡುಗೆಮನೆಯ ಕ್ಯಾಲೆಂಡರಿನಿಂದ ಕಳೆದ ತಿಂಗಳ ಹಾಳೆ ಹರಿದು, ಅದರ ಹಿಂದೆ ಮೊದಲ ಅಕ್ಷರ ಬರೆದೆ.

ಮುಂದಿನ ದಾರಿ ತೋರಿಸಿದ್ದು ನನ್ನದೇ ಒಂದು ತಪ್ಪು. ಸಂಘದ ಸ್ಮರಣ ಸಂಚಿಕೆಗೆ ಹಿಂದೊಮ್ಮೆ ಇದರಿಂದ ಎರಡು ಪುಟ ಇ-ಮೇಲಿನಲ್ಲಿ ಕಳಿಸಿದ್ದೆ. ಸಂಪಾದಕರು ಓದಿ, “ಇದೇನು ಮೇಡಂ, ಕನ್ನಡವೋ ಚಿತ್ರಾನ್ನವೋ?” ಎಂದು ಫೋನಿನಲ್ಲೇ ಬೇಡವೆಂದಿದ್ದರು. ಏಕೆಂದರೆ ಅಮ್ಮನ ಬಾಯಲ್ಲಿ ಬಂದ ಇಂಗ್ಲಿಷ್ ಶಬ್ದಗಳನ್ನು ನಾನು ಇಂಗ್ಲಿಷ್ ಅಕ್ಷರದಲ್ಲೇ ಬರೆದಿದ್ದೆ. ಕಾನ್ವೆಂಟಿನ ಅಹಂಕಾರ, ರೇಷನ್ ಎಂಬುದನ್ನು ಕನ್ನಡ ಲಿಪಿಯಲ್ಲಿ ಬರೆದರೆ ಸ್ಪೆಲಿಂಗ್ ಮಿಸ್ಟೇಕ್ ಮಾಡಿದ ಹಾಗೆ ಅನ್ನಿಸುತ್ತಿತ್ತು. ಈಗ ಆ ಶಬ್ದಗಳು ಮಾತ್ರ ಆ ಹುಚ್ಚು ಗುರುತುಗಳ ನಡುವೆ ಸ್ಪಷ್ಟವಾಗಿ ಕಾಣುತ್ತಿದ್ದವು. ಸ್ಟೇಷನ್, ರೇಷನ್ ಕಾರ್ಡ್, ಬಿಲ್ಡಿಂಗ್, ಪ್ಲಾಟ್‌ಫಾರ್ಮ್. ಉಕ್ಕಿದ ಕಡಲಿನ ಭರತದ ನೀರಿನಲ್ಲಿ ಅಲ್ಲಲ್ಲಿ ತಲೆ ಎತ್ತಿದ ಬಂಡೆಗಳ ಹಾಗೆ. ರೇಷನ್ ಕಾರ್ಡಿನ ಮುಂದೆ ಏನಿರಬೇಕು? ‘ತಕಂಡ್ ಬಾ’ ಇರಬೇಕು. ಇತ್ತು. ನಾಲ್ಕು ಅಕ್ಷರ ಸಿಕ್ಕಿತು. ಬಂಡೆಯಿಂದ ಬಂಡೆಗೆ ಕಾಲಿಡುತ್ತಾ ಹೋದೆ. ಸಂಪಾದಕರು ಈಗ ಸಿಕ್ಕಿದರೆ ಚಿತ್ರಾನ್ನ ಬಡಿಸಬೇಕು.

ನ ಎಂದರೆ ಬ್ರಿಟಿಷರ ಪೌಂಡ್. ಪ ಎಂದರೆ ಜಪಾನಿನ ಯೆನ್. ಳ ಎಂದರೆ ಕಾಲು ಭಾಗ. ಬ ಎಂದರೆ ವಕೀಲರು ಸೆಕ್ಷನ್ ಬರೆಯಲು ಬಳಸುವ ಕೊಂಡಿ. ಒಂದು ಸಣ್ಣ ಎಸ್ ಮಾತ್ರ ಮೂರು ದಿನ ಕಾಡಿತು. ಕೆಲವು ಅಕ್ಷರದ ಬಾಲಕ್ಕೆ ಸುಮ್ಮನೆ ಅಂಟಿಕೊಂಡಿರುತ್ತಿತ್ತು. ಧ, ಫ, ಭ ಮೂರೂ ಸಿಕ್ಕಿದ ಮೇಲೆ ಹೊಳೆಯಿತು. ಅದು ಮಹಾಪ್ರಾಣದ ಗೀರು. ಅಮ್ಮ ನನಗೆ ಚಾಳಿನ ನೆಲದ ಮೇಲೆ ಅಕ್ಕಿಹಿಟ್ಟು ಹರಡಿ ಅಕ್ಷರ ಕಲಿಸುವಾಗ “ಹೊಟ್ಟಿ ಸೀಳ್, ಇಲ್ದಿರೆ ಅದ್ ದ ಆತ್ತ್” ಎಂದು ಬೆರಳು ಹಿಡಿದು ಎಳೆಸುತ್ತಿದ್ದಳಲ್ಲ, ಅದೇ ಹೊಟ್ಟೆ ಸೀಳು.

ಹತ್ತು ದಿನಕ್ಕೆ ಕ್ಯಾಲೆಂಡರ್ ಹಾಳೆ ತುಂಬಿತು. ಅದನ್ನು ಹಿಡಿದುಕೊಂಡು ಕೆಳಗೆ ಇಳಿದು ಟೀಚರ್ ಮನೆಯ ಬಾಗಿಲು ತಟ್ಟಿದೆ. ಅವರು ಹಾಳೆ ನೋಡಿದರು, ನನ್ನನ್ನು ನೋಡಿದರು, ಚಪ್ಪಲಿ ಹಾಕಿಕೊಂಡರು. ಅವರಿಗೆ ಮಶೀನ್ ಗೊತ್ತು, ಕನ್ನಡ ಗೊತ್ತಿಲ್ಲ. ನನಗೆ ಕನ್ನಡ ಗೊತ್ತು, ಮಶೀನ್ ಗೊತ್ತಿಲ್ಲ. ಇಬ್ಬರೂ ಸೇರಿ ಒಬ್ಬ ಸರಿಯಾದ ಗುಮಾಸ್ತೆ ಆದೆವು. ಇದನ್ನು ಹುಡುಕು, ಅದರ ಜಾಗದಲ್ಲಿ ಇದನ್ನು ಹಾಕು ಎಂದು ಮಶೀನಿಗೆ ಒಂದೊಂದೇ ಅಕ್ಷರ ಹೇಳಿಕೊಡುವುದು. ಮೊದಲ ದಿನವೇ ಎಡವಿದೆವು. ದೊಡ್ಡ ಎ ಎಂದರೆ ಅನುಸ್ವಾರ, ಅದನ್ನು ಎಲ್ಲ ಕಡೆ ಸೊನ್ನೆ ಮಾಡಿ ಎಂದು ನಾನೇ ಹೇಳಿದೆ. ನಾನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದ ಅಂಧೇರಿಯ ಮೊದಲಿನ ದೊಡ್ಡ ಎ ಹಾರಿ ಅಲ್ಲೊಂದು ಸೊನ್ನೆ ಕೂತಿತು. ಅದಾದರೂ ಹೋಗಲಿ, ಯ ಅಕ್ಷರದೊಳಗೂ ಒಂದು ಎ ಅಡಗಿತ್ತು. ಯ ಎಲ್ಲ ಸತ್ತವು. ಪುಣ್ಯಕ್ಕೆ ನಕಲಿನ ಮೇಲೆ ಮಾಡಿದ್ದೆವು. ಟೀಚರ್ ತಮ್ಮ ಪಾಠದ ಧ್ವನಿಯಲ್ಲಿ, ಮೊದಲು ಇಂಗ್ಲಿಷ್ ಶಬ್ದಗಳನ್ನು ನೀವು ಕೈಯಿಂದ ಕನ್ನಡ ಲಿಪಿಗೆ ಬದಲಿಸಿ, ಆಮೇಲೆ ಉದ್ದದ ಗುರುತುಗಳು, ಕೊನೆಗೆ ಒಂಟಿ ಗುರುತುಗಳು ಎಂದು ಕ್ರಮ ಹಾಕಿಕೊಟ್ಟರು.

ಹಾಗೆ ಇಂಗ್ಲಿಷ್ ಶಬ್ದಗಳನ್ನು ಬದಲಿಸಲು ಕೂತೆ. ಮೊದಲನೆಯದು ಸ್ಟೇಷನ್. ಕನ್ನಡ ಕೀಲಿಗೆ ಬೆರಳು ಇಟ್ಟವಳು ನಿಂತೆ.

ಅಮ್ಮ ಯಾವತ್ತೂ ಸ್ಟೇಷನ್ ಅಂದವಳಲ್ಲ. ಅವಳು ಹೇಳುತ್ತಿದ್ದದ್ದು ‘ಟೇಶನ್’.

ನನಗೆ ಒಂಬತ್ತು ವರ್ಷವಿದ್ದಾಗ ಶಾಲೆಯ ಪೇರೆಂಟ್ಸ್ ಡೇಗೆ ಅಮ್ಮ ಬಂದಿದ್ದಳು. ಸಿಸ್ಟರ್ ಹತ್ತಿರ ಮನೆ ಎಲ್ಲಿ ಎಂಬುದಕ್ಕೆ ‘ಮಾಟುಂಗ ಟೇಶನ್’ ಎಂದಳು. ನನ್ನ ಕ್ಲಾಸಿನ ಹುಡುಗಿಯರು ಕೇಳಿಸಿಕೊಂಡರು. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಅವಳಿಗೆ ಪಾಠ ಮಾಡಿದೆ. ಟೇಶನ್ ಅಲ್ಲ ಅಮ್ಮ, ಸ್ಟೇಷನ್, ಮೊದಲಿಗೆ ಎಸ್ ಇದೆ. ಅವಳು ಕಿಟಕಿಯಾಚೆ ನೋಡುತ್ತಾ ಎರಡು ಸಲ ಹೇಳಿ ನೋಡಿದಳು. ಆಮೇಲೆ ಎಷ್ಟೋ ವರ್ಷ ನನ್ನೆದುರು ಆ ಶಬ್ದವನ್ನೇ ಹೇಳಲಿಲ್ಲ, ‘ರೈಲ್ ನಿಲ್ಲುವಲ್ಲಿ’ ಎಂದು ಸುತ್ತಿ ಹೇಳುತ್ತಿದ್ದಳು. ಎಂಬತ್ತೈದರಲ್ಲಿ ಮಂಚದ ಮೇಲೆ ಕೂತು ಅಡಿಕೆ ಕತ್ತರಿಸುವಾಗ ಮತ್ತೆ ಟೇಶನ್ ಎಂದಳು. ಮರೆತಿದ್ದಳೋ, ನನ್ನನ್ನು ಮನ್ನಿಸಿದ್ದಳೋ. ನಾನು ಮಾತ್ರ ಸ್ಟೆನೋ ಕೈಯಿಂದ ಮತ್ತೆ ಎಸ್ ಸೇರಿಸಿ ಬರೆದಿದ್ದೆ.

ಈಗ ಟೇಶನ್ ಎಂದು ಬರೆದೆ. ರೇಶನ್ ಕಾಡ್ ಎಂದು ಬರೆದೆ. ಬಿಲ್ಡಿಂಗ್ ಅವಳ ಬಾಯಲ್ಲಿ ‘ಬಿಲ್ಡಿಂಗು’. ಒಂದೊಂದಕ್ಕೂ ಕಣ್ಣು ಮುಚ್ಚಿ ಕೇಳಿಸಿಕೊಂಡು ಬರೆಯಬೇಕು. ದಿನಕ್ಕೆ ಎರಡು ಪುಟ, ಕಣ್ಣು ಚೆನ್ನಾಗಿದ್ದ ದಿನ ಮೂರು.

ಒಂದು ಮಧ್ಯಾಹ್ನ ಮಗ ಫೋನ್ ಮಾಡಿದ. ಖುಷಿಯಲ್ಲಿದ್ದ. ಹಳೆಯ ಕನ್ನಡವನ್ನು ಹೊಸದಕ್ಕೆ ಬದಲಿಸಲು ರೆಡಿಮೇಡ್ ಕನ್ವರ್ಟರ್ ಇದೆಯಂತೆ, ಭದ್ರವಾಗಿರಲಿ ಎಂದು ನಾನು ಅವನಿಗೆ ಕೊಟ್ಟಿದ್ದ ಎರಡನೆಯ ಪೆನ್‌ಡ್ರೈವಿನಿಂದ ಒಂದು ಫೈಲ್ ಹಾಕಿ ನೋಡಿದನಂತೆ, ಎರಡು ಮಿನಿಟಿನಲ್ಲಿ ಆಯಿತಂತೆ. ಕಳಿಸಿದ್ದೇನೆ, ನೋಡು ಎಂದ. ನೋಡಿದೆ. ಸುಳ್ಳು ಹೇಳಬಾರದು, ಕನ್ನಡದ ಭಾಗ ಬಹುಪಾಲು ಸರಿಯಾಗಿತ್ತು. ಆದರೆ ಕನ್ವರ್ಟರ್ ನನ್ನ ಇಂಗ್ಲಿಷ್ ಶಬ್ದಗಳನ್ನೂ ಬಿಟ್ಟಿರಲಿಲ್ಲ. ಸ್ಟೇಷನ್, ರೇಷನ್ ಇದ್ದ ಜಾಗದಲ್ಲೆಲ್ಲ ಯಾವ ನಾಲಿಗೆಗೂ ಸಿಗದ ಒತ್ತುಗಳ ರಾಶಿ.

“ನೀನು ಓದಿ ನೋಡಿದೆಯಾ?” ಎಂದೆ.

“ನಂಗೆಲ್ಲಿ ಅಷ್ಟು ಫಾಸ್ಟ್ ಓದಕ್ಕೆ ಬರುತ್ತೆ? ಕನ್ನಡ ಕಾಣಿಸ್ತು, ಕಳಿಸ್ದೆ.”

ನಿನ್ನ ಎರಡು ಮಿನಿಟ್ ನಿನ್ನ ಹತ್ತಿರವೇ ಇರಲಿ, ಭಾನುವಾರ ಬಾ, ನಿನಗೊಂದು ಕೆಲಸವಿದೆ ಎಂದು ಫೋನ್ ಇಟ್ಟೆ. ಟೀಚರ್ ಪಕ್ಕದಲ್ಲೇ ಇದ್ದರು. ಕನ್ವರ್ಟರ್ ಇದ್ದರೆ ಉಪಯೋಗಿಸಬಾರದೇಕೆ ಎಂದು ನಿಧಾನವಾಗಿ ಕೇಳಿದರು. ಬಸ್ಸಿನ ಕತೆ ಹೇಳಿದೆ. ಮರಾಠಿ ಹೆಂಗಸಿಗೆ ಟೇಶನ್ ಎಂಬುದನ್ನು ವಿವರಿಸಬೇಕಾಗಲಿಲ್ಲ. ಅವರ ತಾಯಿಯೂ ಹಾಗೇ ಹೇಳುತ್ತಿದ್ದರಂತೆ. ಮತ್ತೆ ಕನ್ವರ್ಟರಿನ ಮಾತು ಎತ್ತಲಿಲ್ಲ.

ಭಾನುವಾರ ಮಗ ಬಂದ. ಅವನನ್ನು ಮಶೀನಿನ ಮುಂದೆ ಕೂಡಿಸಿ ಬಂಗಾರದ ಪುಟ ತೆರೆದು, ಓದು ಎಂದೆ. ಐವತ್ತರ ಗಂಡಸು, ಆಫೀಸಿನಲ್ಲಿ ಎಷ್ಟೋ ಜನರನ್ನು ಆಳುವವನು, ಬೆರಳಿಟ್ಟು ಅಕ್ಷರ ಅಕ್ಷರ ಕೂಡಿಸಿ ಓದಿದ. ಬೇಗ ಬೇಗ ಮುಗಿಸಲು ನೋಡಿದ. ಕೆಳಗೆ ಕೂಗಿದ ಶಬ್ದ, ಅಮ್ಮ ಕೇಳಿಸಿಕೊಂಡ ಶಬ್ದ, ಎರಡನ್ನೂ ಒಂದೇ ಥರ ಓದಿದ. ಮತ್ತೆ ಓದಿಸಿದೆ. ಮತ್ತೆ ಹಾಗೇ ಓದಿದ.

“ಸೇಮ್ ತಾನೇ ಅಮ್ಮಾ?”

“ಮೊದಲನೇ ಅಕ್ಷರ ನೋಡು. ಒಂದಕ್ಕೆ ಹೊಟ್ಟೆ ಸೀಳಿದೆ.”

ಅವನು ಕನ್ನಡಕ ಮೇಲೆ ಮಾಡಿ ಪರದೆಯ ಹತ್ತಿರ ಬಗ್ಗಿದ.

“ಸೀಳಿರೋದು ಭಂಗಾರ್‌ವಾಲಾದು. ಇಲ್ಲದ್ದು ಅಜ್ಜಿದು. ಸರಿಯಾಗಿ ಓದಿದ ಮೇಲೆ ಹೇಳು, ಈ ಮಶೀನ್ ಯಾವುದು ಅಂತ.”

ಅವನು ಮೂರನೆಯ ಸಲ ಓದಿದ. ಈ ಸಲ ಗೋಣಿಚೀಲದ ಹತ್ತಿರ ನಿಂತ, ಬೆಂಡೋಲೆಯ ಹತ್ತಿರ ನಿಂತ, ಮುಷ್ಟಿ ಮಡಚಿಸಿದ ಕಡೆ ಬಹಳ ಹೊತ್ತು ನಿಂತ. ಅಜ್ಜಿ ಇದನ್ನು ತನಗೆ ಯಾವತ್ತೂ ಹೇಳಲಿಲ್ಲವಲ್ಲ ಎಂದ. ಹೇಳಿದ್ದಳು, ನೀನು ಅರ್ಧಕ್ಕೇ ಎದ್ದು ಕ್ರಿಕೆಟ್ಟಿಗೆ ಹೋಗುತ್ತಿದ್ದೆ ಎಂದೆ. ಹೋಗುವಾಗ ಆ ಒಂದು ಪುಟವನ್ನು ತನ್ನ ಫೋನಿಗೆ ಕಳಿಸಿಕೊಂಡ. ಮುಂದಿನ ಪುಟ ಯಾವಾಗ ರೆಡಿ ಎಂದು ಕೇಳಿದ. ಇನ್ನೂರರಲ್ಲಿ ಮೂವತ್ತೆಂಟು ಆಗಿದೆ, ಅವಸರವಿದ್ದರೆ ಭಾನುವಾರ ಬಂದು ಕೂತು ಅಕ್ಷರ ಹುಡುಕು ಎಂದೆ.

ಇವತ್ತು ಬೆಳಿಗ್ಗೆ ಕೆಳಗೆ ಭಂಗಾರ್‌ವಾಲಾ ಕೂಗುತ್ತಾ ಹೋದ. ಈಗ ಅವರು ಬಾಯಲ್ಲಿ ಕೂಗುವುದಿಲ್ಲ, ಗಾಡಿಗೆ ಸ್ಪೀಕರ್ ಕಟ್ಟಿಕೊಂಡಿದ್ದಾರೆ. ಒಂದೇ ಧ್ವನಿ ಮತ್ತೆ ಮತ್ತೆ. ಹಳೆಯ ಪೇಪರ್, ಕೈ ಮುರಿದ ಬಾಂಡಲಿ, ಟ್ಯಾಬ್ಲೆಟ್ಟಿನ ಖಾಲಿ ಪೆಟ್ಟಿಗೆ ಇಷ್ಟನ್ನು ಕೊಟ್ಟೆ. ಟ್ಯಾಬ್ಲೆಟ್ ಅಡುಗೆಮನೆಯಲ್ಲಿ ಗೋಡೆಗೆ ಒರಗಿಕೊಂಡು ಟೈಮ್ ತೋರಿಸುತ್ತದೆ. ಅಷ್ಟು ಅದಕ್ಕೆ ಬರುತ್ತದೆ.

ಮೇಲೆ ಬಂದು ಕೂತು, ಏನೂ ಕಾಣದ ಕಡೆ ಪಾಸ್‌ವರ್ಡ್ ಒತ್ತಿದೆ. ಮೂವತ್ತೊಂಬತ್ತನೆಯ ಪುಟ ಅಮ್ಮನಿಂದಲೇ ಶುರುವಾಗುತ್ತದೆ, ಎರಡನೆಯ ಸಾಲಿನಲ್ಲಿ ಒಂದು ಟೇಶನ್ ಇದೆ.